ರೈಲು ನುಂಗಿದ ಮಾತು

ರಾತ್ರಿ ಒಂಬತ್ತೂವರೆಗೆ ಧಾರವಾಡ ಹತ್ತುತ್ತಿತ್ತು.
ಅಷ್ಟರಾಗ ಬೆಟಗೇರಿಯ ನಮ್ಮ ಓಣಿಯ ಆರೂ ಮಗ್ಗ ನಿಲ್ಲಬೇಕು,
ಲಾಳಿ ಗೂಡಿನಾಗ, ಕಾಲು ಕುಣಿಯಿಂದ ಮ್ಯಾಲ.
ರೇಡಿಯೋ ತುಳಜಾಸಾನದು, ಸೆಲ್ಲು ಎಲ್ಲರದು,
ತಲೆಗೆ ನಾಲ್ಕಾಣೆ. ಕಂಡಿಕೆ ಸುತ್ತುವ ನನಗೆ ಮಾಫಿ.

ಅವತ್ತು ಹಳೇ ನಾಟಕ, ಮರುಪ್ರಸಾರ.
"ಇಪ್ಪತ್ತು ವರ್ಷದ ಹಿಂದ ಕೇಳೀನಿ," ಅಂದ ಮೌನೇಶಪ್ಪ,
"ಕಡೀಗೆ ಏನಾಕ್ಕೈತಿ ಹೇಳಂಗಿಲ್ಲ."
ಅರ್ಧ ಹೇಳಿಯೇ ಬಿಟ್ಟ.

ಗಂಡ ಕೇಳುತ್ತಾನೆ: "ಹಂಗಾದ್ರ, ಹೊಂಟಿಯೇನು?"
ಆಕೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ
ಹೋಟಗಿ ಗಾಡಿ ಹಿತ್ತಲ ಹಿಂದ ಹಾದು
ಹಂಚು, ತಟ್ಟಿ, ಚಿಮಣಿ ಎಲ್ಲ ಥರಥರ.
ಗಾಡಿ ದಾಟಿದಾಗ ಉಳಿದದ್ದು
ಕಿರ್ರೆನ್ನುವ ಬಾಗಿಲು, ನಾಲ್ಕು ಬಳೆ,
ಆಮೇಲೆ ನಿಲಯದ ಹೆಣ್ಣುದನಿ: ನಾಟಕ ಮುಗಿಯಿತು.

ಮುಗಿಯಿತೆಂದರೆ? ನಮಗೆ ಆಗಷ್ಟೇ ಸುರುವಾಯಿತು.
"ಹೋದಳು," ತುಳಜಾಸಾ.
"ಎಲ್ಲಿಗಿ ಹೋಗ್ತಾಳು? ಒಳಗ ಬಂದ್ಲು,"
ನಮ್ಮವ್ವ, ಹರಿದ ಎಳೆಯ ತುದಿ ಹುಡುಕುತ್ತ.
ಮೌನೇಶಪ್ಪ ಬಡಿಗ, ಅವನಿಗೆ ಹೆಂಗಸಿನ ಚಿಂತೆಯಿಲ್ಲ:
"ಅದು ಬಾಗಿಲ ಅಲ್ಲೇ ಅಲ್ಲ. ಹಳೀ ಮಂಚದ ಕಾಲು.
ಅದೂ ಮತ್ತಿ. ಸಾಗವಾನಿ ಹಂಗ ಅಳಂಗಿಲ್ಲ."

ನಕ್ಕೆವು. ಹುಸೇನಬಿ ನಗಲಿಲ್ಲ.
"ಬಿಟ್ಟು ಹೋಗಾಕಿ ಬಳಿ ಸಪ್ಪಳ ಮಾಡಂಗಿಲ್ಲ," ಅಂದಳು,
"ಮೊಣಕೈತನಕ ಏರಿಸಿ, ಸೆರಗು ಸುತ್ತಿ,
ಹಿಂಗ ಒತ್ತಿ ಹಿಡೀತಾಳ."
ಹಿಡಿದು ತೋರಿಸಿದಳು.
ನಿನಗ ಹೆಂಗ ಗೊತ್ತು ಅಂತ ಯಾರೂ ಕೇಳಲಿಲ್ಲ.
ತುಳಜಾಸಾ ರೇಡಿಯೋಕ್ಕ ಅರಿವೆ ಹೊದಿಸಿದ.

ಮರುದಿನ ಹದಿನೈದು ಪೈಸೆಯ ಕಾರ್ಡು. ಅಕ್ಷರ ನನ್ನದು:
'ಸಾಹೇಬರ, ಆ ಹೆಣ್ಣುಮಗಳು ಏನಂದಳು ತಿಳಿಸಬೇಕು.
ನಮ್ಮಲ್ಲಿ ರೈಲು ಬಂತು.'
ತಿಂಗಳ ಮೇಲೆ ಉತ್ತರ:
'ತಮ್ಮ ಮೆಚ್ಚುಗೆಗೆ ವಂದನೆಗಳು.'
ಗಂಜಿ ಹಚ್ಚಿ ಅದನ್ನ ಮಗ್ಗದ ಕಂಬಕ್ಕೆ ಅಂಟಿಸಿದೆವು.

ಹೋದ ವಾರ ಧಾರವಾಡದಾಗ, ಅಕ್ಕನ ಮಗಳ ಮೊಬೈಲಿನಾಗ
ಮತ್ತದೇ ನಾಟಕ. ರೈಲಿಲ್ಲ, ಗರಗರ ಇಲ್ಲ.
"ಹೊಂಟಿಯೇನು?"

ಆಕೆ ಏನೂ ಅನ್ನುವುದಿಲ್ಲ.
ಒಂದು ಉಸಿರು ಒಳಗೆ ಹೋಗುತ್ತದೆ, ಅಷ್ಟೇ.
ಅಷ್ಟು ಮಂದಿ ಹುಡುಕಿದ ಮಾತು
ಅಲ್ಲಿ ಇರಲೇ ಇಲ್ಲ.

ಬೆಟಗೇರಿಗೆ ಫೋನು ಹಚ್ಚಿದೆ. ಹುಸೇನಬಿಗೆ ಈಗ ಕಿವಿ ಮಂದ,
ಎರಡು ಸಲ ಒದರಿ ಹೇಳಿದೆ.
"ಹೂಂ, ಅದಿರಲಿ," ಅಂದಳು,
"ಬಳಿ ಎಷ್ಟು ಹೊತ್ತು ಸಪ್ಪಳ ಮಾಡಿದ್ವು?"

ಅದನ್ನ ಕೇಳಿಸಿಕೊಳ್ಳೂದ ಮರೆತು ಕೂತಿದ್ದೆ ನಾನು.