ಷರಾ

ಹನ್ನೊಂದನೇ ಸಲ ಬಂದಾಗ ಚಂದ್ರಭಾಗಾ ತಾಂಡೇಲ
ಜವಾನ ಹೇಳುವ ಮೊದಲೇ ಚಪ್ಪಲಿ ಹೊರಗೆ ಬಿಟ್ಟಳು.
ನಮ್ಮ ಕಚೇರಿ ಅಷ್ಟರಮಟ್ಟಿಗೆ ಬಾಯಿಪಾಠವಾಗಿತ್ತು.

ಕೇಳಿದ್ದೇನು? ಒಣಗಿಸುವ ಯಂತ್ರ,
ಬಾಟಲಿಗೆ ಮುಚ್ಚಳ ಒತ್ತುವುದೊಂದು,
ಎರಡು ಲಕ್ಷ ನಲವತ್ತು ಸಾವಿರ.
ಶೆಟ್ಲಿ ಚಟ್ನಿಪುಡಿ ಮಾಡುತ್ತಾಳಂತೆ. ಮಾದರಿ ಮೇಜಿನ ಮೇಲಿಟ್ಟಳು.
ಬೈತಖೋಲದ ದಕ್ಕೆಯಲ್ಲಿ ಬೆಳಗಿನ ಐದಕ್ಕೆ
ಅವಳು ಬೆರಳೆತ್ತಿದರೆ ಬುಟ್ಟಿ ಅವಳದು,
ದುಡ್ಡು ಶನಿವಾರ. ಬರೆದಿಟ್ಟವರಿಲ್ಲ.
ಇಪ್ಪತ್ತು ವರ್ಷದಲ್ಲಿ ಒಂದು ಶನಿವಾರ ತಪ್ಪಿಲ್ಲ.

ಆ ಬೆರಳಿಗೆ ನಮ್ಮ ನಮೂನೆಯಲ್ಲಿ ಕಾಲಮು ಇಲ್ಲ.

ಜಾಗದ ಪತ್ರ ಎಲ್ಲಿ, ಅಂದೆ.
ನೌಕಾನೆಲೆಗೆ ಊರು ಬಿಟ್ಟವರಲ್ಲವಾ ನಾವು,
ಕಾಲನಿ ಮನೆಯ ಹಕ್ಕುಪತ್ರ ಇನ್ನೂ ಬರಬೇಕು, ಅಂದಳು.
ಹಕ್ಕುಪತ್ರವಿಲ್ಲದೆ ಪಂಚಾಯತಿ ಕಾಗದವಿಲ್ಲ,
ಆ ಕಾಗದವಿಲ್ಲದೆ ಮೀಟರಿಲ್ಲ,
ಮೀಟರಿಲ್ಲದ ಮೇಲೆ ಯಂತ್ರ ಯಾತಕ್ಕೆ ಎಂದು ಬ್ಯಾಂಕು,
ಬ್ಯಾಂಕು ಒಪ್ಪಿದ ಮೇಲೆ ತಾನೆ ನಮ್ಮ ಸಹಾಯಧನ.
ಹಸಿರು ಶಾಯಿಯ ಅಧಿಕಾರಿ ನಾನಲ್ಲ.
ನೀಲಿಯಲ್ಲಿ ಬರೆದೆ, ದುಂಡಗೆ:
‘ದಾಖಲೆ ಅಪೂರ್ಣ. ಹಿಂದಿರುಗಿಸಿದೆ.’

ಸಿಟ್ಟು ಮಾಡಲಿಲ್ಲ. ಷರಾವನ್ನು ಎರಡು ಸಲ ನೋಡಿದಳು,
ಬಂಗಡೆಯ ಕಿವಿರು ಎತ್ತಿ ನೋಡುವ ಹಾಗೆ.

ಆಮೇಲೆ ಅವಳ ಪುಡಿ ಗೋಣಿಯಲ್ಲಿ
ಮಾಜಾಳಿ ನಾಕೆ ದಾಟಿ ಮಡಗಾವಿಗೆ ಹೋಯಿತು,
ಯಾರದೋ ಬಾಟಲಿ ಹೊಕ್ಕು, ಯಾರದೋ ಹೆಸರು ಅಂಟಿಸಿಕೊಂಡು
ಕೋಡಿಬಾಗದ ಅಂಗಡಿಗೇ ವಾಪಸು.
ನನ್ನ ಹೆಂಡತಿಯೇ ತಂದಳು. ನೂರಾ ಎಂಬತ್ತು ರೂಪಾಯಿ.
ಒಂದು ತುತ್ತಿಗೆ ಗೊತ್ತಾಯಿತು, ಅದೇ ಖಾರ.
ನಾನು ಏನೂ ಹೇಳಲಿಲ್ಲ.

ಈ ಡಿಸೆಂಬರಿನಿಂದ ನಮ್ಮ ಗೇಟಿನೆದುರು, ಗಾಳಿಮರದ ಕೆಳಗೆ
ಒಂದು ಮಡಚುವ ಮೇಜು.
ಅಂಟು, ಸ್ಟಾಪ್ಲರು, ಹೆಬ್ಬೆಟ್ಟಿಗೆ ಶಾಯಿ, ಚಂದ್ರಭಾಗಾ.
ಅರ್ಜಿ ತುಂಬಲು ಐವತ್ತು,
ತಿರುಗಿ ಬಾರದ ಹಾಗೆ ತುಂಬಲು ನೂರು.
ಜನ ನೂರನ್ನೇ ಕೊಡುತ್ತಾರೆ.
ಯಾವ ಸಾಹೇಬರು ಯಾವ ಹೊತ್ತಿಗೆ ಮೆತ್ತಗೆ,
ಯಾವ ಕಾಗದ ನಿಜಕ್ಕೂ ಬೇಕು, ಯಾವುದು ಸುಮ್ಮನೆ ಕೇಳುವುದು,
ನನಗಿಂತ ಚೆನ್ನಾಗಿ ಬಲ್ಲಳು.
ಈ ದಂಧೆಗೆ ಪರವಾನಗಿ ಬೇಡ, ಮೀಟರೂ ಬೇಡ.
ನಾವೇ ಅವಳ ಬಂಡವಾಳ.

ನಿನ್ನೆ ಮಧ್ಯಾಹ್ನ ಜವಾನನ ಕೈಲಿ ಪೊಟ್ಟಣ ಕಳಿಸಿದ್ದಳು,
ಗಂಜಿಗೆ ನಂಜಿಕೊಳ್ಳಿ ಎಂದು.
ಬಿಚ್ಚಿದರೆ ಕೆಂಪು ಪುಡಿ. ಕಾಗದದಲ್ಲಿ
ಎಣ್ಣೆಗೆ ಹರಡಿದ ನೀಲಿ ಅಕ್ಷರ, ದುಂಡಗೆ.

ಮಾರ್ಚಿಗೆ ವರದಿ ಹೋಗಬೇಕು:
ಜಿಲ್ಲೆಯಲ್ಲಿ ಈ ವರ್ಷ ಹುಟ್ಟಿದ ಉದ್ದಿಮೆಗಳೆಷ್ಟು.
ಇವಳನ್ನು ಹಿಡಿದೋ, ಬಿಟ್ಟೋ?
ಕೈ ತೊಳೆದು ಬಂದು ಬರೆಯೋಣವೆಂದು
ಪೆನ್ನಿನ ಮುಚ್ಚಳ ಹಾಕಿದೆ.