ಶುಕ್ರವಾರದ ದೋಣಿ

ಶುಕ್ರವಾರ ಸಂಜೆ ನಾಲ್ಕೂಕಾಲಿಗೆ
ಓರ್ಟಾ ಬಂದರು ಬಿಟ್ಟು ಪಿಕೋ ದ್ವೀಪಕ್ಕೆ ಹೊರಡುವ ದೋಣಿಯಲ್ಲಿ
ನನ್ನ ಊಟದ ಚೀಲದೊಳಗೆ
ಚೀಸಿನ ತುಂಡಿನ ಪಕ್ಕ
ಒಂದು ವಾರದ ನೆಲದ ನಡುಕ ಇರುತ್ತದೆ,
ಅಂಗೈಯಗಲದ ಟೇಪಿನಲ್ಲಿ ಸುತ್ತಿಕೊಂಡು.

ಹದಿನೇಳು ವರ್ಷದಿಂದ ಹೀಗೆ.
ಟಿಕೆಟು ಹರಿಯುವ ಬೆಲ್ಮೀರು ಕೇಳುತ್ತಾನೆ:
"ಏನು ದೆಯೊಲಿಂದಾ, ಈ ವಾರ ಎಷ್ಟು ಭೂಕಂಪ?"
"ನೂರಾ ಹನ್ನೆರಡು."
"ನನಗೊಂದೂ ತಿಳಿಯಲಿಲ್ಲವಲ್ಲ!"
"ನಿನ್ನ ಕಾಲಡಿ ನೆಲ ಇದ್ದರೆ ತಾನೆ."

ಈಗ ಲಿಸ್ಬನ್ನಿನಿಂದ ಬಂದ ಎವರಿಸ್ತು
ಮೇಜಿನ ಮೇಲೆ ಎರಡು ಕೊಟೇಶನ್ ಹರಡಿದ್ದಾನೆ.
ಟೇಪು ಓದುವ ಯಂತ್ರ ಮುದಿಯಾಯಿತು,
ಹೊಸದರ ಬೆಲೆಗೆ ಹಳೆಯ ಕಾರೊಂದು ಬರುತ್ತದೆ.
ಅದೇ ದುಡ್ಡಿಗೆ ಹಾರ್ಡ್ ಡಿಸ್ಕು ಇಷ್ಟು, ಎಂದು
ಗಾಳಿಯಲ್ಲಿ ಗೋಪುರ ಕಟ್ಟಿ ತೋರಿಸಿದ.
"ಕೇಳಿದ್ದನ್ನು ಕೇಳಿದ ಗಳಿಗೆಯಲ್ಲಿ ಕೊಡುತ್ತದೆ.
ನಿಮ್ಮ ಟೇಪೋ, ಎದ್ದು, ಕೆಮ್ಮಿ,
ಕನ್ನಡಕ ಹುಡುಕಿ..."
ಸುಳ್ಳೇನಲ್ಲ ಅವನ ಮಾತು.

ಡಿಸ್ಕಿನ ಮೇಲೆ ನನಗೆ ಹಗೆಯಿಲ್ಲ.
ಆದರೆ ಅದು ತಿರುಗಿ ತಿರುಗಿ ಸವೆಯುತ್ತದೆ;
ತಿರುಗಿಸದೆ ಡ್ರಾಯರಿನಲ್ಲಿಟ್ಟರೆ
ಮುನಿಸಿಕೊಂಡು ಒಂದು ದಿನ ಏಳುವುದೇ ಇಲ್ಲ.
ಕಳೆದ ಚಳಿಗಾಲ ಒಂದು ಸತ್ತಿತು:
ಟಿಕ್, ಟಿಕ್, ಟಿಕ್,
ಬೀಗದ ಕೈ ಮರೆತವನು ಬಾಗಿಲಾಚೆ ನಿಂತು
ಉಗುರಿನಿಂದ ತಟ್ಟಿದ ಹಾಗೆ.
ಟೇಪಿಗೆ ಕರೆಂಟು ಬೇಡ, ತಂತಿ ಬೇಡ,
ತಂತಿಯಲ್ಲಿ ನುಸುಳಿ ಬರುವ ಕಳ್ಳನ ಭಯವೂ ಇಲ್ಲ.
ಅದು ಮಲಗುತ್ತದೆ.
ಮಲಗುವುದೂ ಒಂದು ನೌಕರಿ ಎಂಬಂತೆ ಮಲಗುತ್ತದೆ.

"ಸರಿ, ಎಬ್ಬಿಸಿ ನೋಡೋಣ," ಎಂದ ಎವರಿಸ್ತು.

ಎಬ್ಬಿಸಿದ್ದು ಯಾವಾಗ?
ಒಯ್ದಿದ್ದೇನೆ, ಇಟ್ಟಿದ್ದೇನೆ, ಚೀಟಿ ಅಂಟಿಸಿದ್ದೇನೆ,
ಒಂದನ್ನಾದರೂ ಮರಳಿ ಓದಿಸಿ ನೋಡಿರಲಿಲ್ಲ.

ಪಿಕೋದಲ್ಲಿ ಜುಲ್ಮೀರಳ ವೈನಿನ ನೆಲಮಾಳಿಗೆ,
ಲಾವಾ ಕಲ್ಲಿನ ಕಪ್ಪು ಗೋಡೆ, ಬೇಸಿಗೆಯಲ್ಲೂ ತಂಪು.
ಪೀಪಾಯಿಗಳ ಹಿಂದಿನ ಬಿಸ್ಕತ್ತಿನ ಡಬ್ಬಿಗಳನ್ನು
ಒಂದೊಂದಾಗಿ ಇಳಿಸಿ ತಂದೆವು.
ಈಚಿನವು ಓದಿಕೊಂಡವು, ಒಂದಕ್ಷರ ಬಿಡದೆ.
ಹಳೆಯ ಹನ್ನೊಂದನ್ನು ಯಂತ್ರ ಬಾಯಿಗಿಟ್ಟು ಉಗುಳಿತು.
ಟೇಪು ಕೆಟ್ಟಿರಲಿಲ್ಲ.
ಅವುಗಳ ಭಾಷೆ ಬಲ್ಲ ಯಂತ್ರವೇ ಇರಲಿಲ್ಲ:
ಅದನ್ನು ಗುಜರಿಗೆ ಕಳಿಸಿದ ಕಾಗದದ ಕೆಳಗೆ
ದುಂಡಗೆ, ನೀಟಾಗಿ, ನನ್ನದೇ ಸಹಿ.

ಎವರಿಸ್ತು ಏನೂ ಅನ್ನಲಿಲ್ಲ. ಕಾಫಿ ತಂದುಕೊಟ್ಟ.
ಅದೇ ಹೆಚ್ಚು ಚುಚ್ಚಿತು.

ಜುಲ್ಮೀರಳಿಗೆ ಹೇಳಿದೆ. ಅವಳ ಅಪ್ಪ
ಕಡಲಡಿಯ ತಂತಿ ಕಚೇರಿಯಲ್ಲಿದ್ದವನು.
"ತಂತಿ ಎಷ್ಟು ವರ್ಷ ಬೇಕಾದರೂ ಬಿದ್ದಿರುತ್ತೆ ನೀರಲ್ಲಿ,
ರಾತ್ರಿಪಾಳಿಯವನು ತೂಕಡಿಸಿದರೆ ಮುಗೀತು, ಅಂತಿದ್ದ.
ಅವನೇನೂ ತೂಕಡಿಸದೆ ಇದ್ದವನಲ್ಲ ಬಿಡು."

ಅಳೆದೂ ಸುರಿದೂ ತಿಂಗಳಾಯಿತು.
ಅರ್ಜಿಯಲ್ಲಿತ್ತು: ಟೇಪು, ಡಿಸ್ಕು,
ಯಾವುದಾದರೊಂದಕ್ಕೆ ಗುರುತು ಹಾಕಿ.
ಒಮ್ಮೆ ನಮ್ಮ ಕಚೇರಿಯ ಗೋಡೆ
ತಾನು ಅಳೆಯುತ್ತಿದ್ದುದರ ಹೊಡೆತಕ್ಕೇ ಬಿದ್ದದ್ದು ನೆನಪಾಗಿ,
ಎರಡನ್ನೂ ಬಿಟ್ಟು ಅಂಚಿನಲ್ಲಿ ಬರೆದೆ:
ಯಾವುದೇ ಇರಲಿ, ನಡುವೆ ಎಂಟು ಕಿಲೋಮೀಟರು ನೀರಿರಲಿ.

ಡಿಸ್ಕು ಬಂದವು. ಅಗ್ಗ ತಾನೆ.
ಹನ್ನೊಂದು ಟೇಪು ಡಬ್ಬಿಯಲ್ಲೇ ಇವೆ.
ಗಲೀಸಿಯಾದಲ್ಲಿ ಯಾರದೋ ಗ್ಯಾರೇಜಿನಲ್ಲಿ
ಆ ಹಳೆಯ ಯಂತ್ರ ಇನ್ನೂ ಉಂಟಂತೆ, ಪತ್ರ ಹಾಕಿದ್ದೇನೆ.

ಇಂದು ಕಡಲು ಒರಟು.
ಡಿಸ್ಕಿಗೆ ಏಟಾಗಬಾರದೆಂದು
ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೇನೆ.
"ಮಗುವೇ?" ಎಂದ ಬೆಲ್ಮೀರು.
"ಹೂಂ. ತಿಂಗಳಿಗೊಮ್ಮೆ ಎಬ್ಬಿಸಿ
ಹೆಸರು ಕೇಳಬೇಕಂತೆ."
ಎದುರಿಗೆ ಪಿಕೋ ಬೆಟ್ಟ
ನೆತ್ತಿಗೊಂದು ಮೋಡ ಎಳೆದುಕೊಂಡು
ಸದ್ಯಕ್ಕೆ ಸುಮ್ಮನಿತ್ತು.