ಉಗ್ರಾಣದ ಪುಸ್ತಕದಲ್ಲಿ ಏಳು ಪೊರಕೆ

ಶಿವರಾತ್ರಿ ಕಳೆದು ವಾರ. ಹೊಂಗೆಮರ
ಮೈಯೆಲ್ಲ ಕೊಡವಿಕೊಳ್ಳುವ ಹೊತ್ತಿಗೇ
ಲೆಕ್ಕ ನೋಡುವವರೂ ಬರುತ್ತಾರೆ ಯಾದವಗಿರಿಗೆ.
ನನ್ನದು ತರಬೇತಿ ಕೇಂದ್ರದ ಉಗ್ರಾಣ:
ಕಿಟಕಿ ಒಂದು, ಬೀಗ ಎರಡು,
ಇಲಿ ಅಂಚು ತಿಂದ ದಾಸ್ತಾನು ಪುಸ್ತಕ.

ಅದರಲ್ಲಿ ನನ್ನದೇ ಕೈಬರಹ:
ಪೊರಕೆ ಏಳು. ಕಸಬರಿಗೆ ಏಳು. ಹಿಡಿಸೂಡಿ ಏಳು.
ಬಂದವರು ಕನ್ನಡಕ ಏರಿಸಿ,
ಇಪ್ಪತ್ತೊಂದನ್ನೂ ತೋರಿಸಿ ಎಂದರು.
ಮೂಲೆಯಲ್ಲಿ ಏಳೇ ಇದ್ದವು, ತಲೆಕೆಳಗಾಗಿ ನಿಂತು,
ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ.

ಯಾರು ಯಾವ ಹೆಸರಲ್ಲಿ ಕೇಳಿದರೋ
ಆ ಹೆಸರಲ್ಲೇ ಕೊಟ್ಟೆ, ಕೊಟ್ಟದ್ದನ್ನು ಬರೆದೆ.
ಅಷ್ಟೇ ಸ್ವಾಮಿ ನನ್ನ ತಪ್ಪು.

ಕೀಲಾರದ ಚಿಕ್ಕಬೋರಯ್ಯ ಬೆಳಿಗ್ಗೆ ಕಿಟಕಿಗೆ ಮುಖವಿಟ್ಟು
ಕೇಳುವುದು, 'ಒಂದ್ ಪರ್ಕೆ, ಒಂದ್ ಸನ್ಕೆ,
ವಸಿ ದೊಡ್ಡದಾಗಿರೋ ಮಂಕ್ರಿ.'
ಹತ್ತಕ್ಕೆ ಅವೆಲ್ಲ ವಾಪಸು ಬರುತ್ತವೆ. ಹಿಂದೆಯೇ
ರೋಣದ ಕಡೆಯ ದ್ಯಾಮವ್ವ:
'ಸಲಿಕಿ ಕೊಡ್ರಿ, ಬುಟ್ಟಿ ಕೊಡ್ರಿ, ಕಸಬರಗಿ ಕೊಡ್ರಿ.'
ಕಾವಿನ ಮೇಲೆ ಬೋರಯ್ಯನ ಬೆವರು ಇನ್ನೂ ಆರಿರುವುದಿಲ್ಲ,
ಸನಿಕೆ ಆಗಲೇ ಸಲಿಕೆ.

ಕಾಪುವಿನ ವಾರಿಜಕ್ಕ ಅಡುಗೆಮನೆಗೆ ಹೊಸದಾಗಿ ಬಂದ ದಿನ
ಓಡಿಬಂದು, 'ಹಿಡಿ ಉಂಟಾ, ಹಿಡಿ?' ಎಂದರು.
ಏನನ್ನು ಹಿಡಿಯಬೇಕೋ ತಿಳಿಯದೆ
ಕುರ್ಚಿ ಹತ್ತಿದೆ ನಾನು,
ಹಾವೇ ಇರಬೇಕು ಅಂತ.

ದೊಡ್ಡ ಸಾಹೇಬರು ಬರುವ ದಿನ ಅವಸರದಲ್ಲಿ ಅಂದಿದ್ದೆ:
'ದ್ಯಾಮವ್ವ, ಮುಂದಲ ಕಸ ತೆಗೆದುಬಿಡಮ್ಮ.'
ಮಧ್ಯಾಹ್ನ ಹೋಗಿ ನೋಡಿದರೆ
ಗೇಟಿನಿಂದ ಮೆಟ್ಟಿಲವರೆಗೂ ಹೊಂಗೆ ಎಲೆ ಹಾಗೇ ಬಿದ್ದಿದೆ,
ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದ ಸದ್ದು.
ಅವಳು, ನಲ್ಲಿ ಸೋರುವ ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತು
ಕೊನ್ನಾರಿ ಗಡ್ಡೆ ಬಿಡಿಸುತ್ತಿದ್ದಾಳೆ ಕುರ್ಪಿಯಲ್ಲಿ, ಒಂದೊಂದಾಗಿ,
ತಲೆಯಿಂದ ಸೀರು ತೆಗೆಯುವವಳಂತೆ.
ಪಕ್ಕದ ಗುಡ್ಡೆಯಲ್ಲಿ ನಾನು ಕದ್ದು ಸಾಕಿದ್ದ
ಗಣಿಕೆಸೊಪ್ಪೂ ಬಾಡುತ್ತಿದೆ.

'ಕಸ ತೆಗಿ ಅಂದಿದ್ದೆನಲ್ಲಮ್ಮ?'
'ತಗದೀನಲ್ರೀ!' ಎರಡೂ ಕೈಯ ಮಣ್ಣು ತೋರಿಸಿದಳು.
'ಮತ್ತೆ ಆ ಎಲೆ?'
'ಎಲಿ ಹೆಂಗ ಕಸ ಆಗ್ತೈತ್ರಿ?
ಬ್ಯಾಡಾದಲ್ಲಿ ಬೇರು ಬಿಟ್ಟದ್ದು ಕಸ.
ಎಲಿ ಪಾಪ, ಸುಮ್ಮನ ಬಿದ್ದೈತಿ.
ಕಸಾ ಹೊಡಿ ಅಂದಿದ್ರ ಹೊಡೀತಿದ್ದೆ.'

ಮರದಡಿಯಿಂದ ಬೋರಯ್ಯ ಕೂಗಿದ:
'ಅದು ಕಸ ಅಲ್ಲ ಕಣವ್ವೋ, ಕಳೆ, ಕಳೆ!'
'ಕಳೆ ಇರೂದು ಮಾರಿ ಮ್ಯಾಲಲ್ಲೇನೋ ಯಣ್ಣಾ?
ನಿನ್ನ ಮಾರಿಗೆ ಅದೂ ಇಲ್ಲ.'
ನಗುತ್ತ ನಗುತ್ತ ಅವನಿಗೆ ಕೆಮ್ಮು ಹತ್ತಿತು. ವಾರಿಜಕ್ಕ
ನೀರು ತಂದುಕೊಟ್ಟು, ಹಿಡಿ ಹಿಡಿದು ತಾವೂ ನಿಂತರು.
ಮೂರು ಗಂಟೆಯೊಳಗೆ ನಾಲ್ವರೂ ಸೇರಿ
ಗುಡಿಸಿದೆವು, ಹೊಡೆದೆವು, ಬಳಿದೆವು.
ಸಾಹೇಬರ ಕಾರು ಹಿಂಬಾಗಿಲಿಗೆ ಬಂದು ಹಾಗೇ ಹೋಯಿತು.
'ಬುಡಿ ಬುದ್ಯೋರೆ,' ಅಂದ ಬೋರಯ್ಯ, ಬೆನ್ನು ನೆಟ್ಟಗೆ ಮಾಡುತ್ತ,
'ಯಾವ್ ಹೆಸ್ರಲ್ ಗುಡುಸುದ್ರೂ ಸ್ವಂಟ ನೋಯೋದು ಒಂದೇಯ.'

ಇದನ್ನೆಲ್ಲ ಲೆಕ್ಕದವರಿಗೆ ಹೇಳಲು ಬರುತ್ತದೆಯೇ?
ಪುಸ್ತಕಕ್ಕೆ ಒಂದೇ ಹೆಸರು ಸಾಕು ಎಂದು
ಕೆಂಪು ಶಾಯಿಯಲ್ಲಿ ಎರಡು ಸಾಲಿಗೆ ಅಡ್ಡಗೀಟು ಎಳೆದು
ಕಾಫಿ ಕುಡಿದು ಹೋದರು.
ನಾನು ಬೀಗ ಹಾಕುವಾಗ ಏಳೂ ಅಲ್ಲೇ ಇದ್ದವು,
ಯಾವುದು ಉಳಿದದ್ದು, ಯಾವುದು ಹೊಡೆದುಹೋದದ್ದು,
ಗುರುತು ಸಿಗಲಿಲ್ಲ.

ಸಂಜೆ ಮನೆಯಲ್ಲಿ ಚಪ್ಪಲಿ ಬಿಡುತ್ತ ಅತ್ತಿಗೆಯನ್ನು ಕೇಳಿದೆ:
'ನೀರು ಉಣಿಸಿದ್ರಾ?'
ಅವಳು ಮೊರ ಕೆಳಗಿಟ್ಟು,
'ಯಾರಿಗೆ, ಮಗೂಗಾ?' ಅಂದಳು.
ಹಿತ್ತಲಲ್ಲಿ ಕರಿಬೇವಿನ ಸಸಿ,
ಇನ್ನೂ ಗೇಣುದ್ದ ಇಲ್ಲ.